ಮಕ್ಕಳ ನಿಧಿ ಪೆಟ್ಟಿಗೆ: ಮುಚ್ಚಳದಿಂದ ಲೆಕ್ಕ ಶುರು ಮಾಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆಯ ಮನೆಯ ಒಂದು ಭಾಗವನ್ನು ಕೆಡವಿದ್ದೇವೆ. ಅಟ್ಟದ ಹಲಸಿನ ಹಲಗೆಗಳು, ಹಸಿರು ಬಣ್ಣದ ಹಳೆಯ ಕಿಟಕಿ ಬಾಗಿಲುಗಳು ಉಳಿದಿವೆ. ಪೇಟೆಯಿಂದ ಬಂದ ಯಂತ್ರವೊಂದರ ಪ್ಯಾಕಿಂಗ್ ಪಟ್ಟಿಗಳೂ ಇವೆ. ಏಳು ವರ್ಷದ ಮಗಳಿಗೆ, ನಾಲ್ಕು ವರ್ಷದ ಮಗನಿಗೆ ಕಥೆಯಲ್ಲಿ ಬರುವಂಥ ಹಳೆಯ ಕಾಲದ ನಿಧಿ ಪೆಟ್ಟಿಗೆಯೊಂದನ್ನು ನನ್ನ ಕೈಯಾರೆ ಮಾಡಿಕೊಡುವ ಆಸೆ. ನಾನು ಬಡಗಿಯಲ್ಲ. ಗರಗಸ, ಸುತ್ತಿಗೆ, ಡ್ರಿಲ್ ಇವೆ. ಯಾವ ಮರ ಬಳಸಲಿ, ಎಷ್ಟು ದೊಡ್ಡದಾಗಿ ಮಾಡಲಿ, ಹಳೆಯದರಂತೆ ಕಾಣಲು ಏನು ಬಳಿಯಲಿ? ಮಗಳು ಬೀಗ ಬೇಕೇ ಬೇಕು ಎನ್ನುತ್ತಾಳೆ.

ಉತ್ತರ: ನೀವು ಕೇಳಿದ ಕ್ರಮವನ್ನು ಸ್ವಲ್ಪ ಬದಲಿಸುತ್ತೇನೆ. ಪೆಟ್ಟಿಗೆ ಮಾಡುವವರು ಸಾಮಾನ್ಯವಾಗಿ ಕೊನೆಯಲ್ಲಿ ಯೋಚಿಸುವುದು ಮುಚ್ಚಳದ ಬಗ್ಗೆ. ಮಕ್ಕಳ ಪೆಟ್ಟಿಗೆಯಾದರೆ ಮೊದಲು ಯೋಚಿಸಬೇಕಾದದ್ದೇ ಅದು. ಮರ, ಅಳತೆ, ಕೀಲು, ಬೀಗ ಎಲ್ಲವನ್ನೂ ಮುಚ್ಚಳವೇ ತೀರ್ಮಾನಿಸುತ್ತದೆ.

ಇಪ್ಪತ್ತು ವರ್ಷಗಳ ಹಿಂದೆ ಅಣ್ಣನ ಮಗಳಿಗೆ ನಾನೊಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಮತ್ತಿ ಮರದ ಮುಕ್ಕಾಲು ಅಂಗುಲದ ಮುಚ್ಚಳ, ಹಿತ್ತಾಳೆಯ ಕೀಲುಗಳು, ಮುಚ್ಚಳವನ್ನು ಹಿಡಿದು ನಿಲ್ಲಿಸಲು ಒಂದು ಸರಪಳಿ. ನೋಡಿದವರೆಲ್ಲ ಮೆಚ್ಚಿಕೊಂಡರು. ಸರಪಳಿಯು ಮುಚ್ಚಳ ಹಿಂದಕ್ಕೆ ಹೋಗುವುದನ್ನು ತಡೆಯುತ್ತದೆಯೇ ಹೊರತು ಮುಂದಕ್ಕೆ ಬೀಳುವುದನ್ನು ತಡೆಯುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಮೂರನೆಯ ದಿನ ಅವಳು ಎರಡೂ ಕೈಗಳನ್ನು ಅಂಚಿನ ಮೇಲಿಟ್ಟು ಒಳಗೆ ಬಗ್ಗಿದ್ದಾಗ ಮುಚ್ಚಳ ಬಿತ್ತು. ಎರಡು ಬೆರಳಿನ ಉಗುರು ಕಪ್ಪಗಾಗಿ ಉದುರಿತು. ಅಲ್ಲಿ ಬೆರಳಿನ ಬದಲು ಕುತ್ತಿಗೆ ಇದ್ದಿದ್ದರೆ ಎಂಬ ಯೋಚನೆ ಈಗಲೂ ನನ್ನನ್ನು ಬಿಟ್ಟಿಲ್ಲ. ಅಮೆರಿಕದಲ್ಲಿ ಆಟಿಕೆ ಪೆಟ್ಟಿಗೆಯ ಮುಚ್ಚಳ ಹೀಗೆಯೇ ಬಿದ್ದು ಮಕ್ಕಳು ಪ್ರಾಣ ಕಳೆದುಕೊಂಡದ್ದುಂಟು.

ಆದ್ದರಿಂದ ಮೊದಲು ಮುಚ್ಚಳವನ್ನು ತೂಗಿ ನೋಡೋಣ. 20 ಅಂಗುಲ ಉದ್ದ, 13 ಅಂಗುಲ ಅಗಲದ ಮುಚ್ಚಳವನ್ನು ಮುಕ್ಕಾಲು ಅಂಗುಲ ದಪ್ಪದ ಮತ್ತಿ ಹಲಗೆಯಲ್ಲಿ ಮಾಡಿದರೆ ಎರಡೂವರೆ ಕಿಲೋ ದಾಟುತ್ತದೆ. ಹಲಸಿನಲ್ಲಿ ಎರಡು ಕಿಲೋ ಹತ್ತಿರ ಬರುತ್ತದೆ. ಅದೇ ಹಲಸಿನ ಹಲಗೆಯನ್ನು ಅರ್ಧ ಅಂಗುಲಕ್ಕೆ ಕೀಸಿದರೆ ಒಂದೂಕಾಲು ಕಿಲೋ. ಕಥೆಯ ಪೆಟ್ಟಿಗೆಗಳಂತೆ ಕಮಾನಿನ ಮುಚ್ಚಳ ಮಾಡಬೇಕೆಂದು ನಿಮಗೆ ಅನ್ನಿಸಬಹುದು. ಅದರಲ್ಲಿ ಮರವೂ ಹೆಚ್ಚು, ತೂಕವೂ ಹೆಚ್ಚು, ಮೊದಲ ಸಲ ಮಾಡುವವರಿಗೆ ಕೆಲಸವೂ ಕಷ್ಟ. ಅರ್ಧ ಅಂಗುಲದ ಹಲಸು, ಚಪ್ಪಟೆ ಮುಚ್ಚಳ ಇರಲಿ.

ಅದಕ್ಕೆ ಕೀಲು ಹಾಕಲೇಬೇಡಿ ಎನ್ನುವುದು ನನ್ನ ಸಲಹೆ. ಮಗನಿಗೆ ಆರೇಳು ವರ್ಷ ತುಂಬುವವರೆಗೆ ಎತ್ತಿ ಪಕ್ಕಕ್ಕಿಡುವ ಬಿಡಿ ಮುಚ್ಚಳವೇ ಇರಲಿ. ಹಳೆಯ ಮನೆಗಳಲ್ಲಿ ಭತ್ತ ತುಂಬಿಡುವ ಪತ್ತಾಯಗಳಿಗೂ ಎತ್ತಿಡುವ ಹಲಗೆಗಳಿರುತ್ತಿದ್ದವು, ಹಾಗಾಗಿ ಇದು ಹಳೆಯ ನೋಟಕ್ಕೆ ಹೊರತಾದದ್ದೇನಲ್ಲ. ಮುಂದೆ ಕೀಲು ಕೂರಿಸುವಾಗ ಮುಚ್ಚಳವನ್ನು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಿಸುವ, ‘ಲಿಡ್ ಸ್ಟೇ’ ಎಂದು ಅಂಗಡಿಯಲ್ಲಿ ಸಿಗುವ ತೋಳನ್ನು ಜೊತೆಗೆ ಹಾಕಿ. ಮುಚ್ಚಳದ ತೂಕ ಹೇಳಿಯೇ ಕೊಳ್ಳಿ. ಭಾರದ ಮುಚ್ಚಳಕ್ಕೆಂದು ಮಾಡಿದ ತೋಳು ಹಗುರ ಮುಚ್ಚಳವನ್ನು ಮುಚ್ಚಲೇ ಬಿಡುವುದಿಲ್ಲ. ಪರೀಕ್ಷೆ ಸುಲಭವಾಗಿದೆ: ಮುಚ್ಚಳವನ್ನು ಬೇರೆ ಬೇರೆ ಎತ್ತರಕ್ಕೆ ಎತ್ತಿ ಕೈ ಬಿಡಿ. ಪೂರ್ತಿ ಮುಚ್ಚಲು ಎರಡು ಅಂಗುಲ ಬಾಕಿ ಇರುವ ಜಾಗದಿಂದ ಮೇಲೆ ಎಲ್ಲಿಯೂ ಅದು ತಾನಾಗಿ 12 ಮಿಲಿಮೀಟರಿಗಿಂತ ಹೆಚ್ಚು ಕುಸಿಯಬಾರದು. ಆಟಿಕೆ ಪೆಟ್ಟಿಗೆಗಳಿಗೆ ಸುರಕ್ಷತಾ ಮಾನದಂಡಗಳು ಇಟ್ಟಿರುವ ಮಿತಿ ಇದು.

ಅಳತೆಯ ವಿಷಯದಲ್ಲೂ ಆ ಮಾನದಂಡಗಳಿಂದ ಕಲಿಯುವುದಿದೆ. ಒಳಗಿನ ಜಾಗ 30 ಲೀಟರಿಗಿಂತ ಹೆಚ್ಚಿದ್ದು, ಉದ್ದ, ಅಗಲ, ಎತ್ತರ ಮೂರೂ 15 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಗು ಒಳಗೆ ಹೊಗಬಹುದು ಎಂಬ ಲೆಕ್ಕ ಹಿಡಿದು, ಗಾಳಿಗೆ ಕನಿಷ್ಠ ಎರಡು ಕಿಂಡಿ ಇರಬೇಕೆಂದು ಹೇಳುತ್ತವೆ. ಕಣ್ಣಾಮುಚ್ಚಾಲೆ ಆಡುವ ಮಗುವಿಗೆ ಪೆಟ್ಟಿಗೆಗಿಂತ ಒಳ್ಳೆಯ ಅಡಗುತಾಣ ಬೇರೆ ಇಲ್ಲ. ನಾನು ಸೂಚಿಸುವ ಒಳ ಅಳತೆ 18 ಅಂಗುಲ ಉದ್ದ, 11 ಅಂಗುಲ ಅಗಲ, 9 ಅಂಗುಲ ಎತ್ತರ. ಗುಣಿಸಿ ನೋಡಿ, 29 ಲೀಟರಿನ ಆಸುಪಾಸು ಬರುತ್ತದೆ. ಚಿಕ್ಕದಾಯಿತೆಂದು ಬೇಸರ ಬೇಡ. ಆಟದ ಸಾಮಾನೆಲ್ಲ ತುಂಬಿಡಲು ಬುಟ್ಟಿ ಸಾಕು. ನಿಧಿ ಎಂದರೆ ತುಂಗೆಯ ದಂಡೆಯ ಕಲ್ಲು, ನವಿಲುಗರಿ, ಹಳೆಯ ನಾಣ್ಯ, ಅಜ್ಜಿ ಕೊಟ್ಟ ಚನ್ನೆಮಣೆಯ ಕಾಯಿ. ಇಬ್ಬರೂ ಸೇರಿ ಹಿಡಿದು ಅಂಗಳಕ್ಕೆ ಒಯ್ಯುವಷ್ಟು ಹಗುರವಾಗಿದ್ದರೆ ಪೆಟ್ಟಿಗೆಗೆ ಜೀವ ಬರುತ್ತದೆ. ಗುಲಗಂಜಿಯನ್ನು ಮಾತ್ರ ನಿಧಿಗೆ ಸೇರಿಸಬೇಡಿ. ನೋಡಲು ಎಷ್ಟು ಚೆಂದವೋ ಅಗಿದರೆ ಅಷ್ಟೇ ಕಡು ವಿಷ. ಮಗನಿಗಿನ್ನೂ ನಾಲ್ಕು ವರ್ಷ.

ಇನ್ನು ಮರ. ನಿಮ್ಮಲ್ಲಿರುವ ಮೂರು ರಾಶಿಗಳಲ್ಲಿ ಹಸಿರು ಬಣ್ಣದ ಕಿಟಕಿ ಬಾಗಿಲುಗಳ ಮೇಲೆ ನಿಮಗೆ ಕಣ್ಣಿದೆ ಎಂದು ಊಹಿಸುತ್ತೇನೆ. ಬಣ್ಣ ಚಕ್ಕೆಯೆದ್ದ ಹಲಗೆಯ ನೋಟ ಹಳ್ಳಿ ಸೊಗಡಿನದೆಂದು ಈಗ ಎಲ್ಲೆಲ್ಲೂ ಜನಪ್ರಿಯವಾಗಿದೆ. ದಯವಿಟ್ಟು ಅದನ್ನು ಮಕ್ಕಳ ಪೆಟ್ಟಿಗೆಗೆ ಬಳಸಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಎಣ್ಣೆಬಣ್ಣದಲ್ಲಿ, ಅದರಲ್ಲೂ ಹಸಿರು, ಹಳದಿ, ಕೆಂಪಿನಲ್ಲಿ, ಸೀಸ ಇದೆಯೆಂದೇ ಎಣಿಸುವುದು ಕ್ಷೇಮ. ಚಕ್ಕೆ ಉದುರಿ ಮಗುವಿನ ಬಾಯಿಗೆ ಹೋಗುತ್ತದೆ. ಉಜ್ಜಿ ತೆಗೆಯಲು ಹೋದರೆ ದೂಳು ಮನೆಯನ್ನೆಲ್ಲ ತುಂಬುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು ತರುತ್ತದೆ, ಆದ ಹಾನಿ ಮರಳಿ ಸರಿಹೋಗುವುದಿಲ್ಲ. ಆ ಬಾಗಿಲುಗಳನ್ನು ಒಲೆಗೂ ಹಾಕಬೇಡಿ, ಹೊಗೆಯೂ ಬೂದಿಯೂ ಅಷ್ಟೇ ಕೆಟ್ಟವು.

ಪ್ಯಾಕಿಂಗ್ ಪಟ್ಟಿಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಸುಟ್ಟ ಮುದ್ರೆ ಇದೆಯೇ ನೋಡಿ. ದೇಶದಿಂದ ದೇಶಕ್ಕೆ ಸಾಗುವ ಕಟ್ಟಿಗೆಗೆ ಹಾಕುವ ಗುರುತು ಅದು. ಅದರಲ್ಲಿ ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ ಮರವನ್ನು ಒಳತಿರುಳಿನವರೆಗೆ 56 ಡಿಗ್ರಿಗೆ ಅರ್ಧ ಗಂಟೆ ಬಿಸಿ ಮಾಡಿದ್ದಾರೆಂದು ಅರ್ಥ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಬಿಡಿ. ಮುದ್ರೆಯೇ ಇಲ್ಲದ, ಎಣ್ಣೆ ಕಲೆಯಿರುವ ಪಟ್ಟಿಯನ್ನೂ ಬಿಡಿ.

ನಿಮ್ಮ ನಿಜವಾದ ನಿಧಿ ಅಟ್ಟದ ಹಲಗೆಗಳು. ವರ್ಷಗಟ್ಟಲೆ ಹೊಗೆ ತಿಂದು ಒಣಗಿದ ಹಲಸು ಪೇಟೆಯಲ್ಲಿ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಮಸಿಯನ್ನು ತಂತಿ ಬ್ರಷ್ಷಿನಿಂದಲ್ಲ, ಸಾಬೂನು ನೀರು ಮತ್ತು ತೆಂಗಿನ ನಾರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ಹಲಸಿನ ಚೇಗು, ಅಂದರೆ ಒಳತಿರುಳು, ಹಳದಿಯಿಂದ ಕಂದಿಗೆ ತಿರುಗಿರುತ್ತದೆ. ಅಂಚಿನ ಬಿಳಿ ಭಾಗಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ, ಕತ್ತರಿಸಿ ಎಸೆಯಿರಿ. ಸಂಶಯವಿದ್ದರೆ ಹಲಗೆಯನ್ನು ರಾತ್ರಿ ಬಿಳಿ ಕಾಗದದ ಮೇಲಿಟ್ಟು ಬೆಳಿಗ್ಗೆ ನೋಡಿ. ಹೊಸ ಹಿಟ್ಟು ಉದುರಿದ್ದರೆ ಹುಳು ಇನ್ನೂ ಒಳಗಿದೆ. ಹಳೆಯ ತೂತುಗಳಷ್ಟೇ ಇದ್ದರೆ ಹೆದರಬೇಕಾಗಿಲ್ಲ, ಅವು ಅಲಂಕಾರವೇ ಆದಾವು. ಗರಗಸ ಹಚ್ಚುವ ಮೊದಲು ಅಯಸ್ಕಾಂತವೊಂದನ್ನು ಹಲಗೆಯುದ್ದಕ್ಕೂ ಆಡಿಸಿ. ತಲೆ ಮುರಿದ ಮೊಳೆಗಳು ಕಣ್ಣಿಗೆ ಕಾಣುವುದಿಲ್ಲ, ಗರಗಸದ ಹಲ್ಲಿಗೆ ಮಾತ್ರ ಸಿಗುತ್ತವೆ. ಅಡಿಕೆ ದಬ್ಬೆ ಬಳಸಿದರೆ ಹೇಗೆ ಎಂದು ನಿಮ್ಮ ಕಡೆಯವರು ಕೇಳುವುದುಂಟು. ನೋಟಕ್ಕೆ ಅದಕ್ಕಿಂತ ಚೆಂದವಿಲ್ಲ, ಆದರೆ ಎಷ್ಟು ಉಜ್ಜಿದರೂ ಸಿಬಿರು ಏಳುತ್ತಲೇ ಇರುತ್ತದೆ. ಮಕ್ಕಳ ಕೈಗೆ ಬೇಡ.

ಕಟ್ಟುವ ಕೆಲಸ ನೀವು ಅಂದುಕೊಂಡಿರುವುದಕ್ಕಿಂತ ಸುಲಭ. ಹಲ್ಲಿಗೆ ಹಲ್ಲು ಕೂರಿಸುವ ಮೂಲೆಗಳನ್ನು ನುರಿತ ಬಡಗಿಗೆ ಬಿಡೋಣ. ನಿಮಗೆ ಮೂಲೆಗೂಟದ ವಿಧಾನ ಸಾಕು. ಮುಕ್ಕಾಲು ಅಂಗುಲ ದಪ್ಪ, 5 ಅಂಗುಲ ಅಗಲದ ಹಲಗೆಯಲ್ಲಿ ಹತ್ತೊಂಬತ್ತೂವರೆ ಅಂಗುಲದ ನಾಲ್ಕು ತುಂಡು, 11 ಅಂಗುಲದ ನಾಲ್ಕು ತುಂಡು ಕತ್ತರಿಸಿ. ಒಂದರ ಮೇಲೊಂದು ಎರಡೆರಡು ಹಲಗೆ ಸೇರಿ ಒಂದೊಂದು ಗೋಡೆಯಾಗುತ್ತದೆ. ಒಂದು ಅಂಗುಲ ಚೌಕದ, 9 ಅಂಗುಲ ಎತ್ತರದ ನಾಲ್ಕು ಗೂಟಗಳು ಒಳಮೂಲೆಗಳಲ್ಲಿ ನಿಲ್ಲುತ್ತವೆ. ಗೂಟದ ಮೇಲ್ತುದಿ ಗೋಡೆಯ ಮೇಲಂಚಿಗೆ ಸಮವಾಗಿರಲಿ, ಆಗ ಕೆಳಗೆ ಒಂದು ಅಂಗುಲ ಉಳಿಯುತ್ತದೆ. ಅಲ್ಲಿ 18 ಮಿಲಿಮೀಟರ್ ಪ್ಲೈವುಡ್ಡಿನ ತಳ ಕೂರುತ್ತದೆ. ಹಳೆಯ ನೋಟದ ಪೆಟ್ಟಿಗೆಗೆ ಪ್ಲೈವುಡ್ಡೇ ಎಂದು ಮೂಗು ಮುರಿಯಬೇಡಿ. ತಳ ಯಾರಿಗೂ ಕಾಣುವುದಿಲ್ಲ, ಪ್ಲೈವುಡ್ ಮಳೆಗಾಲದಲ್ಲಿ ಹಿಗ್ಗಿ ಗೋಡೆಗಳನ್ನು ತಳ್ಳುವುದೂ ಇಲ್ಲ.

ಹಿಗ್ಗುವ ಮಾತು ಬಂದದ್ದರಿಂದ ಒಂದು ವಿಷಯ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ತೀರ್ಥಹಳ್ಳಿಯ ಆಷಾಢದಲ್ಲಿ ಅಗಲದ ಹಲಗೆಯೊಂದು ಮೂರು ನಾಲ್ಕು ಮಿಲಿಮೀಟರ್ ಉಬ್ಬಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಹಲಗೆಗೂ ಹಲಗೆಗೂ ನಡುವೆ ರೂಪಾಯಿ ನಾಣ್ಯದ ದಪ್ಪದಷ್ಟು ಸಂದು ಬಿಡಿ, ಆ ಅಂಚುಗಳಿಗೆ ಅಂಟು ಹಚ್ಚಬೇಡಿ. ಸಂದು ಇನ್ನೂ ದೊಡ್ಡದಾಗಿದ್ದರೂ ನಡೆಯುತ್ತದೆ ಎನ್ನಬೇಡಿ. 5ರಿಂದ 12 ಮಿಲಿಮೀಟರಿನ ಸಂದಿನಲ್ಲಿ ಮಗುವಿನ ಬೆರಳು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಪ್ರತಿ ಹಲಗೆಯ ಪ್ರತಿ ತುದಿಗೆ ಎರಡರಂತೆ ಒಂದೂವರೆ ಅಂಗುಲದ, 8 ನಂಬರಿನ ಸ್ಕ್ರೂ ಹೊರಗಿನಿಂದ ಗೂಟಕ್ಕೆ ಇಳಿಯಲಿ. ಎರಡು ಗೋಡೆಗಳ ಸ್ಕ್ರೂಗಳು ಗೂಟದೊಳಗೆ ಒಂದಕ್ಕೊಂದು ತಾಗದಂತೆ ಎತ್ತರವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ. ಒಣಗಿದ ಹಲಸಿಗೆ ಸ್ಕ್ರೂವನ್ನು ನೇರವಾಗಿ ತಿರುಗಿಸಿದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಸ್ಕ್ರೂ ಮುರಿಯುತ್ತದೆ. ಮೊದಲು 3 ಮಿಲಿಮೀಟರಿನ ತೂತು ಕೊರೆದು, ಸ್ಕ್ರೂವನ್ನು ಮೇಣದ ಬತ್ತಿಗೆ ತಿಕ್ಕಿ ಇಳಿಸಿ. ಹೊರಗೆ ಹಿತ್ತಾಳೆ ಸ್ಕ್ರೂ ಕಾಣಬೇಕೆಂದಿದ್ದರೆ ಕಬ್ಬಿಣದ ಸ್ಕ್ರೂವನ್ನು ಒಮ್ಮೆ ಪೂರ್ತಿ ಇಳಿಸಿ ತೆಗೆದು, ದಾರಿಯಾದ ಮೇಲೆ ಹಿತ್ತಾಳೆಯದನ್ನು ಹಾಕಿ. ನಾಲ್ಕೂ ಗೋಡೆ ನಿಂತ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯಿರಿ. ಎರಡು ಅಳತೆ ಒಂದೇ ಆಗಿದ್ದರೆ ಪೆಟ್ಟಿಗೆ ಮೂಲೆಮಟ್ಟಕ್ಕಿದೆ. ಇಲ್ಲದಿದ್ದರೆ ಉದ್ದವಿರುವ ಮೂಲೆಗಳನ್ನು ಒತ್ತಿ ಸರಿಮಾಡಿ, ಆಮೇಲೆ ತಳ ಬಿಗಿಯಿರಿ. ತಳದ ಕೆಳಗೆ ಮುಕ್ಕಾಲು ಅಂಗುಲದ ಎರಡು ಪಟ್ಟಿ ಹೊಡೆದರೆ ಪೆಟ್ಟಿಗೆ ನೆಲದಿಂದ ಮೇಲೆ ನಿಂತು ಕೆಳಗೆ ಗಾಳಿಯಾಡುತ್ತದೆ.

ಮುಚ್ಚಳಕ್ಕೆ ಮೂರು ಹಲಗೆ, ಅಡಿಯಲ್ಲಿ ಹತ್ತೂವರೆ ಅಂಗುಲದ ಎರಡು ಅಡ್ಡಪಟ್ಟಿ. ಆ ಪಟ್ಟಿಗಳು ಮೂಲೆಗೂಟಗಳ ಒಳಬದಿಗೆ ಸರಿಯಾಗಿ ಇಳಿಯುವಂತೆ ಗುರುತು ಮಾಡಿಕೊಂಡರೆ ಕೀಲಿಲ್ಲದಿದ್ದರೂ ಮುಚ್ಚಳ ಅತ್ತಿತ್ತ ಜಾರುವುದಿಲ್ಲ. ಮುಂದಿನ ಗೋಡೆಯ ಮೇಲಂಚಿನ ನಡುವೆ 4 ಅಂಗುಲ ಉದ್ದ, ಮುಕ್ಕಾಲು ಅಂಗುಲ ಆಳದ ಕಚ್ಚು ತೆಗೆಯಿರಿ. ಮುಚ್ಚಳ ಎತ್ತಲು ಕೈ ಹೋಗುವುದು ಅಲ್ಲಿಗೇ. ಅಕಸ್ಮಾತ್ ಬಿದ್ದರೂ ಬೆರಳಿಗೆ ಜಾಗವಿರುತ್ತದೆ, ಗಾಳಿಗೂ ದಾರಿಯಾಗುತ್ತದೆ. ಪಕ್ಕದ ಹಿಡಿಕೆಗೆ ಹತ್ತಿಯ ಹಗ್ಗ ಒಳ್ಳೆಯದು. ಕುಣಿಕೆ ಅಂಗೈ ಹಿಡಿಸುವಷ್ಟೇ ಇರಲಿ, ತಲೆ ತೂರುವಷ್ಟು ಉದ್ದ ಬಿಡಬೇಡಿ.

ಉಜ್ಜುವ ಕೆಲಸಕ್ಕೆ ಮಕ್ಕಳನ್ನು ಕೂರಿಸಿಕೊಳ್ಳಿ. 80 ನಂಬರಿನ ಸ್ಯಾಂಡ್ ಪೇಪರ್ ನಿಮ್ಮ ಕೈಯಲ್ಲಿ, 120 ಮಗಳ ಕೈಯಲ್ಲಿ, ಕೊನೆಯ 220 ಮಗನ ಕೈಯಲ್ಲಿ. ಮೂಗಿಗೆ ಬಟ್ಟೆ ಕಟ್ಟಿ, ಅಂಗಳದಲ್ಲೇ ಕೆಲಸವಾಗಲಿ. ಅಂಚುಗಳು ನಾಣ್ಯದ ಅಂಚಿನಷ್ಟು ದುಂಡಗಾಗಬೇಕು. ಮುಗಿಯಿತೆನ್ನಿಸಿದಾಗ ಹಳೆಯ ಕಾಲುಚೀಲವೊಂದನ್ನು ಕೈಗೆ ಹಾಕಿ ಪೆಟ್ಟಿಗೆಯ ಒಳಗೂ ಹೊರಗೂ ಸವರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರಿದೆ.

ಹಳೆಯ ನೋಟಕ್ಕೆ ಏನು ಬಳಿಯಬೇಕೆಂದು ಕೇಳಿದ್ದೀರಿ. ಅಂಗಡಿಯ ಬಣ್ಣದ ಡಬ್ಬಿಗೆ ಕೈ ಹಾಕುವ ಮೊದಲು ನಿಮ್ಮ ಅಡಿಕೆ ಹಂಡೆಯ ಕಡೆ ನೋಡಿ. ಅಡಿಕೆ ಬೇಯಿಸಿದಾಗ ಉಳಿಯುವ ನೀರಿಗಿಂತ, ಅಂದರೆ ಚೊಗರಿಗಿಂತ, ಒಳ್ಳೆಯ ಕಂದು ಬಣ್ಣ ನನಗೆ ಗೊತ್ತಿಲ್ಲ. ಸಾಗರ ತಾಲ್ಲೂಕಿನ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಲು ಈ ಚೊಗರನ್ನೂ ಬಳಸುತ್ತಾರೆ. ಚೊಗರನ್ನು ಬಟ್ಟೆಯಲ್ಲಿ ಸೋಸಿ, ಅಷ್ಟೇ ಬಿಸಿನೀರು ಬೆರೆಸಿ ತೆಳುವಾಗಿಸಿ. ಮರವನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರೆ ನಾರು ಮೇಲೆದ್ದು ನಿಲ್ಲುತ್ತದೆ. ಅದನ್ನು 220ರಲ್ಲಿ ಹಗುರವಾಗಿ ಉಜ್ಜಿ ಚೊಗರು ಬಳಿಯಿರಿ. ಒಂದು ದಿನ ಬಿಟ್ಟು ಇನ್ನೊಂದು ಕೈ.

ಈಗ ಮಕ್ಕಳು ಕಣ್ಣರಳಿಸಿ ನೋಡುವ ಭಾಗ. ಕಬ್ಬಿಣದ ಹಳೆಯ ಮೊಳೆಗಳನ್ನು ಗಾಜಿನ ಶೀಸೆಯಲ್ಲಿ ಹಾಕಿ ಮುಳುಗುವಷ್ಟು ವಿನೆಗರ್ ಹೊಯ್ದು ನಾಲ್ಕೈದು ದಿನ ಇಡಿ. ಅನಿಲ ಹುಟ್ಟುತ್ತದೆ, ಮುಚ್ಚಳ ಬಿಗಿಯಬೇಡಿ, ಒಲೆಯ ಹತ್ತಿರ ಇಡಬೇಡಿ. ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಇದು ಆಗುವುದಿಲ್ಲ, ಅದು ತುಕ್ಕು ಹಿಡಿಯದ ಜಾತಿ. ಸೋಸಿದ ಆ ನೀರನ್ನು ಚೊಗರು ಬಳಿದು ಒಣಗಿದ ಹಲಗೆಯ ಮೇಲೆ ಎಳೆಯಿರಿ. ನೋಡನೋಡುತ್ತಿದ್ದಂತೆ ಕಂದು ಬೂದಾಗಿ, ಬೂದು ಕಪ್ಪಾಗುತ್ತದೆ. ಚೊಗರಿನ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿದಾಗ ಹುಟ್ಟುವ ಕಪ್ಪು ಅದು. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಸಿ ಮಾಡುತ್ತಿದ್ದುದು ಇದೇ ಗುಟ್ಟಿನಿಂದ. ಹಳೆಯ ಬಾಗಿಲಿನಲ್ಲಿ ಮೊಳೆಯ ಸುತ್ತ ಕರಿ ಕಲೆ ಹಬ್ಬಿರುತ್ತದಲ್ಲ, ಅದೂ ಇದೇ. ಹಾಗಾಗಿ ಪೆಟ್ಟಿಗೆಗೆಲ್ಲ ಬಳಿಯಬೇಡಿ. ಸ್ಕ್ರೂಗಳ ಸುತ್ತ, ಮೂಲೆಗಳಲ್ಲಿ, ಕಬ್ಬಿಣದ ಪಟ್ಟಿ ಇರಬೇಕಾಗಿದ್ದ ಜಾಗದಲ್ಲಿ ಎರಡು ಅಡ್ಡಗೆರೆ, ಅಷ್ಟು ಸಾಕು. ನೂರು ವರ್ಷದಲ್ಲಿ ಮರಕ್ಕೆ ಆಗುವುದನ್ನು ನೀವು ಒಂದು ಸಂಜೆಯಲ್ಲಿ ಮಾಡಿರುತ್ತೀರಿ. ಮೊದಲು ಚೂರು ಹಲಗೆಯ ಮೇಲೆ ಪ್ರಯೋಗ ಮಾಡಿ, ಬಳಿಯುವಾಗ ಕೈಗೆ ಗವಸಿರಲಿ. ನಿಜವಾದ ತಗಡಿನ ಪಟ್ಟಿ ಬೇಡ, ಅದರ ಅಂಚು ಚಾಕುವಿನಷ್ಟೇ ಹರಿತ.

ಎರಡು ದಿನ ಒಣಗಿದ ಮೇಲೆ ಹೊರಮೈಗೆ ನಾಲ್ಕು ಪಾಲು ಅಗಸೆ ಎಣ್ಣೆಗೆ ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ತಿಕ್ಕಿ. ಬಣ್ಣದಂಗಡಿಯ ಬೇಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಏನೂ ಬೆರೆಸದ ಎಣ್ಣೆಯನ್ನೇ ಕೇಳಿ ತನ್ನಿ. ತೆಂಗಿನೆಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಗೆದ್ದಲಿಗೆಂದು ಗೇರೆಣ್ಣೆ ಬಳಿಯುವ ರೂಢಿ ಉಂಟು, ಅದು ಚರ್ಮವನ್ನು ಸುಡುತ್ತದೆ, ಮಕ್ಕಳ ಪೆಟ್ಟಿಗೆಗೆ ಖಂಡಿತ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ. ಪೆಟ್ಟಿಗೆಯ ಒಳಮೈಗೆ ಏನನ್ನೂ ಹಚ್ಚಬೇಡಿ, ಮುಚ್ಚಿದ ಜಾಗದಲ್ಲಿ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ. ಹುಳಹುಪ್ಪಟೆಗೆ ಒಣಗಿದ ಬೇವಿನ ಎಲೆಯ ಗಂಟು ಸಾಕು. ನುಸಿಗುಳಿಗೆ ಮಿಠಾಯಿಯಂತೆ ಕಾಣುತ್ತದೆ, ಅದು ಈ ಮನೆಯ ಪೆಟ್ಟಿಗೆಯ ಹತ್ತಿರವೂ ಸುಳಿಯಬಾರದು.

ಕೊನೆಗೆ ಮಗಳ ಬೀಗ. ತಾನಾಗಿ ಹಾಕಿಕೊಳ್ಳುವ ಚಿಲಕ, ಬೀಗ ಯಾವುದೂ ಬೇಡ. ತಮ್ಮ ಒಳಗೆ ಕೈ ಹಾಕಿದ್ದಾಗಲೋ ಬೆಕ್ಕಿನ ಮರಿ ಹೊಕ್ಕಾಗಲೋ ಅದು ಬಿದ್ದುಬಿಟ್ಟರೆ ಕಷ್ಟ. ಆದರೆ ಅವಳು ಕೇಳುತ್ತಿರುವುದು ಬೀಗವನ್ನಲ್ಲ, ತನ್ನದೇ ಒಂದು ಗುಟ್ಟನ್ನು. ಅದಕ್ಕೆ ಹಿಂದಿನ ಪೆಟ್ಟಿಗೆಗಳಲ್ಲಿ ಕಳ್ಳ ಅರೆ ಇರುತ್ತಿತ್ತು. ತಳದಿಂದ ಒಂದು ಅಂಗುಲ ಮೇಲೆ ಒಳಗೋಡೆಗಳಿಗೆ ಎರಡು ತೆಳು ಪಟ್ಟಿ ಅಂಟಿಸಿ, ಅದರ ಮೇಲೆ 6 ಮಿಲಿಮೀಟರ್ ಪ್ಲೈವುಡ್ಡಿನ ಸುಳ್ಳು ತಳ ಇಡಿ. ನಾಲ್ಕು ಮೂಲೆಯಲ್ಲೂ ಗೂಟದ ಜಾಗ ಕತ್ತರಿಸಿ, ಸುತ್ತ ಒಂದು ನೂಲಿನಷ್ಟು ಸಡಿಲ ಬಿಡಿ. ಎತ್ತಲು ತೂತು ಮಾಡುವುದಾದರೆ 20 ಮಿಲಿಮೀಟರಿನದು ಮಾಡಿ, ಬೆರಳು ಸಿಕ್ಕಿಕೊಳ್ಳುವುದಿಲ್ಲ. ತೂತೂ ಬೇಡವೆಂದರೆ ಇನ್ನೊಂದು ಉಪಾಯವಿದೆ. ಒಂದು ಪಟ್ಟಿಯನ್ನು ಗೋಡೆಯಿಂದ ಎರಡು ಅಂಗುಲ ಈಚೆಗೆ, ಅಡಿತಳದ ಮೇಲೆ ಕೂರಿಸಿ. ಆಗ ಆ ತುದಿಯನ್ನು ಬಲವಾಗಿ ಒತ್ತಿದರೆ ಏತದಂತೆ ಇನ್ನೊಂದು ತುದಿ ಏಳುತ್ತದೆ. ಎಲ್ಲಿ ಒತ್ತಬೇಕೆಂಬುದನ್ನು ಅವಳಿಗೆ ಹೇಳಬೇಡಿ, ಪೆಟ್ಟಿಗೆಯಲ್ಲೊಂದು ಕಳ್ಳ ಅರೆ ಇದೆ ಎಂದಷ್ಟೇ ಹೇಳಿ.